ಸಾಸಿವೆ ಡಬ್ಬಿಯ ಲೆಕ್ಕ

ಅಕ್ಟೋಬರ್ ತಿಂಗಳು ಬಂತೆಂದರೆ ನಮ್ಮಂಥ ಸಣ್ಣ ಊರುಗಳ ಮಹಿಳಾ ಸಮಾಜಗಳಿಗೆ ಉಪನ್ಯಾಸದ ಸುಗ್ಗಿ. 1924ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ್ದ ಉಳಿತಾಯ ಬ್ಯಾಂಕುಗಳ ಸಮ್ಮೇಳನ ಅಕ್ಟೋಬರ್ 31ನ್ನು ಉಳಿತಾಯದ ದಿನವೆಂದು ಸಾರಿತು. ನಮ್ಮಲ್ಲಿ ಅದನ್ನು ಒಂದು ದಿನ ಮೊದಲು, 30ರಂದು ಆಚರಿಸುವ ರೂಢಿ. ಆ ಸುತ್ತಿನಲ್ಲಿ ನಿವೃತ್ತ ಅಧಿಕಾರಿಗಳೋ ಬ್ಯಾಂಕಿನವರೋ ಯಾರಾದರೊಬ್ಬರು ಬಂದು ‘ಗೃಹಿಣಿ ಮತ್ತು ಉಳಿತಾಯ’ ಎಂಬ ವಿಷಯವಾಗಿ ನಮಗೆ ನಾಲ್ಕು ಒಳ್ಳೆಯ ಮಾತು ಹೇಳಿ ಹೋಗುತ್ತಾರೆ. ಪೇಟೆಗೆ ಹೊರಡುವ ಮೊದಲು ಸಾಮಾನಿನ ಚೀಟಿ ಬರೆದುಕೊಳ್ಳಿ. ಸಂತೆಗೆ ಇಳಿಹೊತ್ತಿನಲ್ಲಿ ಹೋಗಿ, ತರಕಾರಿ ಅಗ್ಗ. ಕಾಳು ನೆನೆಹಾಕಿ ಬೇಯಿಸಿ, ಗ್ಯಾಸು ಉಳಿಯುತ್ತದೆ. ಹಳೆಯ ಸೀರೆಯಲ್ಲಿ ಕೌದಿ ಹೊಲಿಯಿರಿ. ಕೊನೆಗೆ ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ, ಚಪ್ಪಾಳೆ, ಉಪ್ಪಿಟ್ಟು, ಕಾಫಿ.

ಇಪ್ಪತ್ತೈದು ವರ್ಷಗಳಿಂದ ಈ ಮಾತುಗಳನ್ನು ಕೇಳುತ್ತ ಬಂದಿದ್ದೇನೆ. ಅವುಗಳಲ್ಲಿ ಸುಳ್ಳು ಒಂದೂ ಇಲ್ಲ, ಹೇಳಿದವರ ಮೇಲೆ ನನಗೆ ಸಿಟ್ಟೂ ಇಲ್ಲ. ಆದರೆ ವಿಳಾಸ ತಪ್ಪಿ ಬಂದ ಕಾಗದವನ್ನು ಎಷ್ಟು ವರ್ಷ ಅಂತ ನಾವೇ ಒಡೆದು ಓದುತ್ತ ಕೂರುವುದು? ಸಂಸಾರದ ದುಡ್ಡು ಎಲ್ಲಿ ಸೋರುತ್ತದೋ ಅಲ್ಲಿ ಕೂತವರನ್ನು ಈ ಉಪನ್ಯಾಸಕ್ಕೆ ಯಾರೂ ಕರೆಯುವುದಿಲ್ಲ. ಕೊತ್ತಂಬರಿ ಸೊಪ್ಪಿನ ಕಟ್ಟಿಗೆ ಎರಡು ರೂಪಾಯಿ ಚೌಕಾಸಿ ಮಾಡುವವಳನ್ನು ಮಾತ್ರ ಮುಂದಿನ ಸಾಲಿನಲ್ಲಿ ಕೂರಿಸಿ ಬುದ್ಧಿ ಹೇಳುತ್ತಾರೆ. ನನ್ನ ತಕರಾರು ಇಷ್ಟೇ. ಮನೆಯ ಸಣ್ಣ ಖರ್ಚಿನ ಲೆಕ್ಕವನ್ನು ಹೆಂಗಸಿನಿಂದ ಕೇಳುವ ಸಮಾಜ ದೊಡ್ಡ ಖರ್ಚಿನ ಲೆಕ್ಕವನ್ನು ಆಕೆಗೆ ಕೊಡುವುದಿಲ್ಲ. ಆಕೆ ಉಳಿಸಿದ್ದನ್ನು ಆಕೆಯ ಹೆಸರಿನಲ್ಲಿ ಇಡುವುದೂ ಇಲ್ಲ. ಇವೆರಡು ಸರಿಹೋಗುವ ತನಕ ಉಳಿತಾಯದ ಉಪದೇಶವನ್ನು ದಯವಿಟ್ಟು ನಮಗೆ ಮಾಡಬೇಡಿ.

ಮಾತು ಖಾರವಾಯಿತು ಎನ್ನುವವರಿಗೆ ಲೆಕ್ಕವನ್ನೇ ಮುಂದಿಡುತ್ತೇನೆ. ಮೇಷ್ಟರ ಕೆಲಸ ಮಾಡುವವಳಿಗೆ ಅದೇ ಸುಲಭ.

ಕೇಂದ್ರ ಸರ್ಕಾರದವರು 2022-23ರಲ್ಲಿ ಮತ್ತು 2023-24ರಲ್ಲಿ ದೇಶದಾದ್ಯಂತ ಮನೆಮನೆಯ ಖರ್ಚಿನ ಸಮೀಕ್ಷೆ ನಡೆಸಿದರು. ಅದರ ಪ್ರಕಾರ ಹಳ್ಳಿಯ ಸಂಸಾರ ಖರ್ಚು ಮಾಡುವ ಪ್ರತಿ 100 ರೂಪಾಯಿಯಲ್ಲಿ ಊಟತಿಂಡಿಯ ಬಾಬತ್ತಿಗೆ ಹೋಗುವುದು 46-47 ರೂಪಾಯಿ, ಪಟ್ಟಣದಲ್ಲಿ 39-40. ಅದರಲ್ಲಿ ತರಕಾರಿಯ ಪಾಲು ಎಷ್ಟೆಂದು ಬಲ್ಲಿರಾ? ಹಳ್ಳಿಯಲ್ಲಿ 5ರಿಂದ 6 ರೂಪಾಯಿ, ಪಟ್ಟಣದಲ್ಲಿ 4 ರೂಪಾಯಿಯ ಆಸುಪಾಸು. ಹೋಟೆಲು, ಬೇಕರಿ, ಪೊಟ್ಟಣದ ತಿಂಡಿ, ಪಾನೀಯಗಳ ಬಾಬತ್ತು ಅದರ ಸರಿಸುಮಾರು ಎರಡು ಪಾಲು. ಹಾಗಿದ್ದೂ ಉಳಿತಾಯದ ಮಾತು ಬಂದಾಗಲೆಲ್ಲ ನಮ್ಮವರ ಕಣ್ಣು ಹೋಗುವುದು ತರಕಾರಿ ಬುಟ್ಟಿಯ ಕಡೆಗೇ.

ಈಗ ತಿಂಗಳಿಗೆ 40,000 ರೂಪಾಯಿ ಖರ್ಚಿನ ಒಂದು ಸಂಸಾರವನ್ನು ತೆಗೆದುಕೊಳ್ಳೋಣ. ತರಕಾರಿಗೆ ನೂರಕ್ಕೆ 5ರಂತೆ 2,000 ರೂಪಾಯಿ. ಮನೆಯಾಕೆ ಸಂತೆಯ ಮೂಲೆಮೂಲೆ ಸುತ್ತಿ, ಬಾಡಿದ ಬೀನ್ಸಿಗೂ ಚೌಕಾಸಿ ಮಾಡಿ, ನೂರಕ್ಕೆ ಹತ್ತು ಉಳಿಸಿದಳು ಎನ್ನಿ. ತಿಂಗಳಿಗೆ 200, ವರ್ಷಕ್ಕೆ 2,400 ರೂಪಾಯಿ ಆಯಿತು. ಅದೇ ಮನೆಯಲ್ಲಿ ಮಗಳ ಮದುವೆಯ ಊಟಕ್ಕೆ ಎರಡು ಸಿಹಿ ಹೆಚ್ಚಾಗಲಿ, ಛತ್ರ ದೊಡ್ಡದಾಗಲಿ ಎಂದು ಯಜಮಾನರು 5 ಲಕ್ಷ ರೂಪಾಯಿ ಸಾಲ ತಂದರು. ಬಡ್ಡಿ ವರ್ಷಕ್ಕೆ ನೂರಕ್ಕೆ 14, ಅವಧಿ ಐದು ವರ್ಷ. ತಿಂಗಳ ಕಂತು ಸುಮಾರು 11,630 ರೂಪಾಯಿ ಬೀಳುತ್ತದೆ. ಐದು ವರ್ಷಕ್ಕೆ ಕಟ್ಟುವ ಬಡ್ಡಿಯೊಂದೇ 1,98,000 ರೂಪಾಯಿ. ಆ ಬಡ್ಡಿಯನ್ನು ತರಕಾರಿಯ ಚೌಕಾಸಿಯಲ್ಲಿ ತೀರಿಸಬೇಕೆಂದರೆ ಆ ತಾಯಿ 82 ವರ್ಷ ಸಂತೆ ತಿರುಗಬೇಕು! ಬೇಕಾದರೆ ನೀವೇ ಪೆನ್ಸಿಲ್ ಹಿಡಿದು ಭಾಗಿಸಿ ನೋಡಿ.

ಮದುವೆ ಮಾಡಬಾರದೆ ಎಂದು ಕೇಳಬೇಡಿ. ಮಾಡಬೇಕು, ಮಾಡಿಯೇ ಮಾಡುತ್ತೇವೆ. ನನ್ನ ಪ್ರಶ್ನೆ ಬೇರೆ. ಆ ಸಾಲದ ಅರ್ಜಿಗೆ ಸಹಿ ಹಾಕುವ ಹಿಂದಿನ ರಾತ್ರಿ ಈ 82 ವರ್ಷದ ಲೆಕ್ಕವನ್ನು ಊಟದ ಮನೆಯಲ್ಲಿ ಯಾರಾದರೂ ಹಾಕಿದ್ದರೆ? ಹೆಂಡತಿಯನ್ನು ಕೇಳಿದ್ದರೆ ಒಂದು ಸಿಹಿ ಸಾಕು ಎನ್ನುತ್ತಿದ್ದಳೋ ಏನೋ. ಕೇಳಲೇ ಇಲ್ಲವಲ್ಲ. ಅಡುಗೆಗೆ ಬೇಳೆ ಎಷ್ಟು ಹಾಕಬೇಕೆಂದು ಮಾತ್ರ ಆಕೆಗೆ ಬಿಟ್ಟರು, ಸಂಸಾರದ ಬೇಳೆ ಹೇಗೆ ಬೇಯಬೇಕೆಂಬುದನ್ನು ಬಿಡಲಿಲ್ಲ.

ಇದು ಮಕ್ಕಳ ತಲೆಗೂ ಎಷ್ಟು ಚೆನ್ನಾಗಿ ಇಳಿದಿದೆ ಎಂಬುದನ್ನು ನಾನು ತರಗತಿಯಲ್ಲೇ ಕಂಡಿದ್ದೇನೆ. ಎಂಟನೆಯ ತರಗತಿಯವರಿಗೆ ಒಮ್ಮೆ ನಿಮ್ಮ ಮನೆಯ ಒಂದು ತಿಂಗಳ ಖರ್ಚಿನ ಪಟ್ಟಿ ಬರೆದು ತನ್ನಿ ಎಂದು ಮನೆಗೆಲಸ ಕೊಟ್ಟಿದ್ದೆ. ಹುಡುಗಿಯರ ಪಟ್ಟಿಯಲ್ಲಿ ಹಾಲು, ಟೊಮೆಟೊ, ಈರುಳ್ಳಿ, ಸೋಪು, ತೆಂಗಿನಕಾಯಿ ಎಲ್ಲದರ ದರ ಪೈಸೆ ಬಿಡದೆ ಇತ್ತು. ಹುಡುಗರಿಗೆ ಪೆಟ್ರೋಲಿನ ದರ, ಫೋನಿಗೆ ಹಾಕುವ ಕರೆನ್ಸಿಯ ದರ ಗೊತ್ತಿತ್ತು. ಸಾಲದ ಕಂತು ಎಂದು ಬರೆದುಕೊಂಡು ಬಂದವರು ಇಡೀ ತರಗತಿಯಲ್ಲಿ ಇಬ್ಬರೇ. ಉಳಿದವರ ಮನೆಗಳಲ್ಲಿ ಸಾಲವೇ ಇರಲಿಲ್ಲವೆ? ನಮ್ಮೂರು ನನಗೆ ಗೊತ್ತಿಲ್ಲವೆ! ಒಬ್ಬ ಹುಡುಗಿಯನ್ನು ಕೇಳಿದೆ. “ಅದು ಅಪ್ಪನ ಖರ್ಚು ಟೀಚರ್, ಮನೆ ಖರ್ಚಲ್ಲ” ಎಂದಳು. ಹದಿಮೂರು ವರ್ಷದ ಮಗು ಕೊಟ್ಟ ಆ ವಿವರಣೆಗಿಂತ ಸ್ಪಷ್ಟವಾದದ್ದನ್ನು ಯಾವ ಅರ್ಥಶಾಸ್ತ್ರದ ಪುಸ್ತಕದಲ್ಲೂ ನಾನು ಓದಿಲ್ಲ. ಅಮ್ಮ ಮಾಡಿದ್ದು ಮನೆಯ ಖರ್ಚು, ಅದಕ್ಕೆ ಲೆಕ್ಕ ಉಂಟು. ಅಪ್ಪ ಮಾಡಿದ್ದು ಅಪ್ಪನ ಖರ್ಚು, ಅದಕ್ಕೆ ಲೆಕ್ಕ ಕೇಳುವ ಹಾಗಿಲ್ಲ.

ಇನ್ನು ‘ಉಳಿಸಿದಳು’ ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡೋಣ. ಹಪ್ಪಳ ಸಂಡಿಗೆ ಮನೆಯಲ್ಲೇ ಮಾಡಿದರೆ ಉಳಿತಾಯ. ಉಪ್ಪಿನಕಾಯಿ ಮನೆಯಲ್ಲೇ ಹಾಕಿದರೆ ಉಳಿತಾಯ. ಕೆಲಸದವಳನ್ನು ಬಿಡಿಸಿದರೆ ಉಳಿತಾಯ. ಮಾವನವರ ಆರೈಕೆಗೆ ಜನ ಇಡದಿದ್ದರೆ ದೊಡ್ಡ ಉಳಿತಾಯ. ಇಲ್ಲೆಲ್ಲ ಉಳಿದದ್ದು ದುಡ್ಡು, ಖರ್ಚಾದದ್ದು ಯಾವುದು? ಅವಳ ಸೊಂಟ, ಅವಳ ಮಧ್ಯಾಹ್ನ, ಅವಳ ನಿದ್ದೆ. 2024ರಲ್ಲಿ ಸರ್ಕಾರವೇ ನಡೆಸಿದ ಸಮಯದ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ ಎಂದು ಕಂಡುಬಂತು. ಈ ನಿಮಿಷಗಳಿಗೆ ಯಾವ ಮನೆಯ ಲೆಕ್ಕದ ಪುಸ್ತಕದಲ್ಲೂ ಕಲಮು ಇಲ್ಲ.

ನ್ಯಾಯಾಲಯ ಮಾತ್ರ ಆಗಾಗ ಈ ಕಲಮನ್ನು ತೆರೆದಿದೆ. ಜಮ್‌ಶೆಡ್‌ಪುರದಲ್ಲಿ 1989ರಲ್ಲಿ ನಡೆದ ಬೆಂಕಿ ಅವಘಡದ ಪರಿಹಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2001ರಲ್ಲಿ ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿ ಎಂದು ಬೆಲೆ ಕಟ್ಟಿತು. 2021ರ ಜನವರಿಯಲ್ಲಿ ಅದೇ ನ್ಯಾಯಾಲಯ ಇನ್ನೊಂದು ಮೊಕದ್ದಮೆಯಲ್ಲಿ, ಮನೆಯಾಕೆ ದುಡಿಯುವುದಿಲ್ಲ ಎಂಬ ಎಣಿಕೆಯೇ ತಪ್ಪು ಎಂದಿತು. ಒಳ್ಳೆಯದೇ. ಆದರೆ ಗಮನಿಸಿ, ಎರಡೂ ಕಡೆ ಬೆಲೆ ಕಟ್ಟಿದ್ದು ಆಕೆ ಸತ್ತ ಮೇಲೆ. ಬದುಕಿದ್ದಾಗ ಆಕೆಯ ದುಡಿಮೆಗೆ ‘ಉಳಿತಾಯ’ ಎಂದು ಹೆಸರಿಟ್ಟು ಬೇರೆಯವರ ಖಾತೆಗೆ ಜಮಾ ಮಾಡಿಕೊಳ್ಳುತ್ತೇವೆ.

ಈಗ ಸಾಸಿವೆ ಡಬ್ಬಿಯ ಮಾತಿಗೆ ಬರುತ್ತೇನೆ. ನಮ್ಮ ಅಜ್ಜಿಯರಿಂದ ಹಿಡಿದು ನಮ್ಮವರೆಗೆ ಹೆಂಗಸರ ಬ್ಯಾಂಕು ಎಂದರೆ ಅದೇ. ದಿನಸಿಗೆ ಕೊಟ್ಟದ್ದರಲ್ಲಿ ಉಳಿದ ಚಿಲ್ಲರೆ, ತವರಿನವರು ಅರಿಸಿನ ಕುಂಕುಮಕ್ಕೆಂದು ಕೊಟ್ಟ ನೋಟು, ನಮ್ಮ ಮಲೆನಾಡಿನ ಕಡೆ ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿದ ಕೂಲಿ, ಹಾಲು ಮಾರಿದ್ದು, ಹೂವು ಮಾರಿದ್ದು ಎಲ್ಲ ಆ ಡಬ್ಬಿಗೆ ಹೋಗುತ್ತಿತ್ತು. ಇದನ್ನು ಹಾಸ್ಯ ಮಾಡಿ ಬರೆದ ಹರಟೆಗಳಿಗೆ ಲೆಕ್ಕವಿಲ್ಲ. ಸಾಸಿವೆಯ ಕೆಳಗೆ ಯಾಕೆ ಬಚ್ಚಿಡಬೇಕಾಯಿತು ಎಂದು ಕೇಳಿದವರು ಕಡಿಮೆ. ಯಾರಿಗೆ ತನ್ನ ಹೆಸರಿನ ಪೆಟ್ಟಿಗೆ ಇದೆಯೋ ಅವರು ಸಾಸಿವೆಯಲ್ಲಿ ಬಚ್ಚಿಡುವುದಿಲ್ಲ.

2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಯ ನೋಟುಗಳು ನಡೆಯುವುದಿಲ್ಲ ಎಂದು ಪ್ರಕಟವಾದಾಗ ದೇಶದ ಸಾಸಿವೆ ಡಬ್ಬಿಗಳೆಲ್ಲ ಒಂದೇ ಏಟಿಗೆ ಬಾಯಿ ಬಿಟ್ಟವು. ಗೃಹಿಣಿಯರು ಎರಡೂವರೆ ಲಕ್ಷದವರೆಗೆ ಕಟ್ಟಿದರೆ ಪ್ರಶ್ನೆ ಮಾಡುವುದಿಲ್ಲ ಎಂದು ಸರ್ಕಾರ ಹೇಳಿತು. ಹಾಗಿದ್ದೂ ಗ್ವಾಲಿಯರಿನ ಒಬ್ಬ ಗೃಹಿಣಿ ಕಟ್ಟಿದ 2,11,500 ರೂಪಾಯಿಯನ್ನು ತೆರಿಗೆ ಅಧಿಕಾರಿಗಳು ಮೂಲ ತೋರಿಸದ ಆದಾಯವೆಂದು ಹಿಡಿದರು. ಆಕೆ ಮೇಲ್ಮನವಿ ಹೋಗಿ, 2021ರಲ್ಲಿ ಆಗ್ರಾದ ತೆರಿಗೆ ನ್ಯಾಯಮಂಡಳಿ ಆಕೆಯ ಮಾತನ್ನು ಒಪ್ಪಿತು. ಹತ್ತಾರು ವರ್ಷ ಅಡುಗೆಮನೆಯಲ್ಲಿ ಕೂಡಿಟ್ಟ ದುಡ್ಡು ತನ್ನದೆಂದು ಸಾಬೀತು ಮಾಡಲು ಒಬ್ಬ ಹೆಣ್ಣುಮಗಳು ನ್ಯಾಯಮಂಡಳಿಯ ತನಕ ಹೋಗಬೇಕಾಯಿತು.

ಅದು ಕಾನೂನಿನ ಕಥೆ. ಮನೆಯೊಳಗಿನ ಕಥೆ ಬೇರೆ. ಆ ನವೆಂಬರಿನಲ್ಲಿ ಬ್ಯಾಂಕಿನ ಸಾಲಿನಲ್ಲಿ ನನ್ನ ಮುಂದೆ ಹಿಂದೆ ನಿಂತ ಹೆಂಗಸರ ಮುಖ ಈಗಲೂ ಕಣ್ಣಿಗೆ ಕಟ್ಟಿದೆ. ದುಡ್ಡು ಹೋಗುತ್ತದೆಂಬ ಭಯಕ್ಕಿಂತ ದುಡ್ಡಿದೆ ಎಂದು ಮನೆಯಲ್ಲಿ ಗೊತ್ತಾಯಿತಲ್ಲ ಎಂಬ ಸಂಕಟವೇ ಹೆಚ್ಚು. “ಇಷ್ಟು ದಿನ ನನಗೆ ಹೇಳದೆ ಕೂಡಿಟ್ಟಿದ್ದೀಯಾ?” ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಿತ್ತಲ್ಲ! ತನ್ನ ಸಾಲವನ್ನು ಎಷ್ಟೋ ವರ್ಷ ಹೇಳದೆ ಇಟ್ಟ ಗಂಡ, ಹೆಂಡತಿ ಉಳಿತಾಯವನ್ನು ಹೇಳದೆ ಇಟ್ಟಳೆಂದು ಮುಖ ಊದಿಸಿಕೊಂಡ. ಹೊರಬಂದ ದುಡ್ಡು ಗಂಡನ ಖಾತೆಗೆ ಹೋಯಿತು, ಅಲ್ಲಿಂದ ಬೈಕಿಗೋ ಹಳೆಯ ಬಾಕಿಗೋ ಹೋಯಿತು. ಅನೇಕ ಮನೆಗಳಲ್ಲಿ ಡಬ್ಬಿಯಲ್ಲಿ ಮತ್ತೆ ಸಾಸಿವೆ ಮಾತ್ರ ಉಳಿಯಿತು.

ಡಬ್ಬಿಯ ದುಡ್ಡಿಗೆ ಇನ್ನೊಂದು ಕೇಡು ಉಂಟು. ಅದು ಮರಿ ಹಾಕುವುದಿಲ್ಲ, ಸುಮ್ಮನೆ ಸವೆಯುತ್ತದೆ. ವರ್ಷಕ್ಕೆ ನೂರಕ್ಕೆ 6ರಂತೆ ಬೆಲೆಗಳು ಏರಿದರೆ ಇವತ್ತು ಇಟ್ಟ 1,000 ರೂಪಾಯಿಗೆ ಇನ್ನು ಹನ್ನೆರಡು ವರ್ಷಕ್ಕೆ ಬರುವುದು ಇಂದಿನ 500 ರೂಪಾಯಿಯ ಸಾಮಾನು. ಅರ್ಧವನ್ನು ಇಲಿ ತಿಂದಂತೆಯೇ.

ಹನಿ ಹನಿ ಉಳಿಸುವುದು ಬೇಡವೆಂದು ನಾನು ಹೇಳುತ್ತಿಲ್ಲ. ಸಣ್ಣ ಉಳಿತಾಯಕ್ಕೆ ನಮ್ಮ ಕರಾವಳಿ ಇಡೀ ದೇಶಕ್ಕೇ ಪಾಠ ಹೇಳಿದೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಯೋಜನೆ ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವರೇ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೆ ಪಿಗ್ಮಿ ಎಂಬ ಮಾತು ನಮ್ಮ ಊರುಗಳ ಬಾಯಲ್ಲಿ ಉಳಿದಿದೆ, ಸಹಕಾರ ಸಂಘಗಳಲ್ಲೂ ಉಳಿದಿದೆ. ಆ ಎರಡಾಣೆಗೂ ಸಾಸಿವೆ ಡಬ್ಬಿಯ ಎರಡಾಣೆಗೂ ಮೊತ್ತದಲ್ಲಿ ಏನೂ ವ್ಯತ್ಯಾಸವಿಲ್ಲ. ಒಂದಕ್ಕೆ ಪುಸ್ತಕವಿದೆ, ಪುಸ್ತಕದ ಮೇಲೆ ಹೆಸರಿದೆ, ಹೆಸರಿನವಳು ಕೇಳಿದಾಗ ಬಡ್ಡಿ ಸಮೇತ ವಾಪಸು ಕೊಡಬೇಕೆಂಬ ಕಟ್ಟುಪಾಡಿದೆ. ಇನ್ನೊಂದಕ್ಕೆ ಮುಚ್ಚಳ ಮಾತ್ರ ಇದೆ. ಹಾಗಾಗಿ ಎಷ್ಟು ಉಳಿಸಿದಿರಿ ಎಂದು ಕೇಳುವ ಮೊದಲು ಯಾರ ಹೆಸರಿನಲ್ಲಿ ಉಳಿಸಿದಿರಿ ಎಂದು ಕೇಳಬೇಕು ಎನ್ನುತ್ತೇನೆ.

ಹೆಸರು ಇಲ್ಲದಿದ್ದರೆ ಏನಾಗುತ್ತದೆ, ದೊಡ್ಡ ಲೆಕ್ಕ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಬೀದಿಯಲ್ಲೇ ಒಬ್ಬ ಹೆಣ್ಣುಮಗಳಿದ್ದಾಳೆ. ಅವಳಷ್ಟು ಅಚ್ಚುಕಟ್ಟಾಗಿ ಸಂಸಾರ ನಡೆಸುವವರನ್ನು ನಾನು ಕಂಡಿಲ್ಲ. ಮದುವೆಯಾಗಿ ಬಂದ ತಿಂಗಳಿನಿಂದ ಒಂದು ನೋಟುಬುಕ್ಕಿನಲ್ಲಿ ದಿನದಿನದ ಖರ್ಚು ಬರೆದಿಟ್ಟವಳು. ಬೆಂಕಿಪೊಟ್ಟಣವೂ ಅದರಲ್ಲಿ ಇತ್ತು. 2021ರ ಮೇ ತಿಂಗಳಿನ ಕೊರೊನಾ ಹಾವಳಿಯಲ್ಲಿ ಗಂಡ ಹನ್ನೊಂದೇ ದಿನಕ್ಕೆ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಒಂದು ಸಹಕಾರ ಸಂಘದಿಂದ ನೋಟೀಸು ಬಂತು. ಗೆಳೆಯನೊಬ್ಬನ ಸಾಲಕ್ಕೆ ಇವರು ಜಾಮೀನು ನಿಂತಿದ್ದರು. ಗೆಳೆಯ ಊರು ಬಿಟ್ಟಿದ್ದ. ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಎಂದು 1872ರ ಕರಾರು ಕಾಯ್ದೆ ಹೇಳುತ್ತದೆ, ಅವನು ತೀರಿಕೊಂಡರೆ ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಅದು ವಾರಸುದಾರರ ತಲೆಗೆ ಬರುತ್ತದೆ. ಆಸ್ತಿ ಎಂದರೆ ಅವರ ವಾಸದ ಮನೆ.

ನಾನು ಅವಳ ಜೊತೆ ಕಾಗದಪತ್ರ ಹುಡುಕಲು ಕೂತಿದ್ದೆ. ಒಂದು ಕಡೆ ಇಪ್ಪತ್ತೆರಡು ನೋಟುಬುಕ್ಕು, ಅವಳವು. ಇನ್ನೊಂದು ಕಡೆ ಗಂಡನ ಬೀರುವಿನಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಅವಳು ಯಾವತ್ತೂ ನೋಡದ ಕಾಗದಗಳು. “ಟೀಚರ್, ನಾನು ಎಣ್ಣೆ ಕಡಿಮೆ ಹಾಕಿ ಒಗ್ಗರಣೆ ಕೊಡ್ತಿದ್ದೆ” ಎಂದಳು. ಮತ್ತೇನೂ ಹೇಳಲಿಲ್ಲ, ಅಳಲೂ ಇಲ್ಲ. ಸಂಘದವರ ಜೊತೆ ಮಾತಾಡಿ, ಕಂತು ಮಾಡಿಸಿಕೊಂಡು, ತವರಿನಿಂದ ಬಂದಿದ್ದ ಬಳೆ ಮಾರಿ, ಹೊಲಿಗೆ ಹಾಕಿ, ಆ ಸಾಲವನ್ನು ಅವಳೇ ತೀರಿಸುತ್ತ ಬಂದಳು. ಆ ಗಂಡ ಕೆಟ್ಟವರಲ್ಲ. ಕುಡಿತ ಇರಲಿಲ್ಲ, ಇಸ್ಪೀಟು ಇರಲಿಲ್ಲ. ಸ್ನೇಹಿತನ ಮಾತಿಗೆ ಇಲ್ಲ ಎನ್ನಲಾರದೆ ಒಂದು ಸಹಿ ಹಾಕಿದರು. ಹೆಂಡತಿಗೆ ಹೇಳಿದರೆ ಚಿಂತೆ ಮಾಡುತ್ತಾಳೆಂದು ಹೇಳಲಿಲ್ಲ. ಕೊನೆಗೆ ಹೇಳದೆ ಉಳಿಸಿದ ಆ ಚಿಂತೆಯೆಲ್ಲ ಬಡ್ಡಿ ಸಮೇತ ಅವಳಿಗೇ ಬಂತು.

ಮನೆಯಲ್ಲೇ ಇರುವವರ ಕಥೆ ಇದು, ನೌಕರಿ ಮಾಡುವವರಿಗೆ ಈ ತೊಂದರೆ ಇಲ್ಲ ಎಂದುಕೊಂಡಿದ್ದರೆ ನಮ್ಮ ಸ್ಟಾಫ್ ರೂಮಿಗೆ ಬನ್ನಿ. ಮೂವತ್ತು ದಿನ ಪಾಠ ಮಾಡಿ ಸಂಬಳ ತೆಗೆದುಕೊಳ್ಳುವ, ಮಕ್ಕಳಿಗೆ ಚಕ್ರಬಡ್ಡಿ ಕಲಿಸುವ ಶಿಕ್ಷಕಿಯರಲ್ಲಿ ತಮ್ಮ ಎಟಿಎಂ ಕಾರ್ಡು ತಮ್ಮ ಪರ್ಸಿನಲ್ಲಿ ಇರುವವರು ಎಷ್ಟು ಜನ? “ಅದೆಲ್ಲ ನಮ್ಮನೆಯವರು ನೋಡ್ಕೊಳ್ತಾರೆ” ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಸಹೋದ್ಯೋಗಿಯ ಬೀಳ್ಕೊಡುಗೆಗೆ ಇನ್ನೂರು ರೂಪಾಯಿ ಕೊಡಬೇಕೆಂದರೆ ಅವರು ಸಂಜೆ ಮನೆಯಲ್ಲಿ ಕೇಳಿ ಮಾರನೆಯ ದಿನ ತರುತ್ತಾರೆ. ಹಿಂದೆ ಸಂಬಳದ ಬಟವಾಡೆಯ ದಿನ ನೋಟನ್ನಾದರೂ ಎಣಿಸಿ ಕೈಯಲ್ಲಿ ಹಿಡಿಯುತ್ತಿದ್ದೆವು. ಈಗ ಸಂಬಳ ಖಾತೆಗೆ ಬೀಳುತ್ತದೆ, ಬಿದ್ದ ಸಂದೇಶ ಗಂಡನ ಮೊಬೈಲಿಗೆ ಹೋಗುತ್ತದೆ. ದುಡಿದದ್ದು ಒಬ್ಬರು, ಗೊತ್ತಾಗುವುದು ಇನ್ನೊಬ್ಬರಿಗೆ.

ಇಷ್ಟು ಹೇಳಿದ ಮೇಲೆ ಎದುರು ಮಾತುಗಳು ಬರುತ್ತವೆ, ಬರಲಿ. “ಹೆಂಗಸರ ಕೈಗೆ ದುಡ್ಡು ಕೊಟ್ಟರೆ ಸೀರೆಗೆ ಹಾಕುತ್ತಾರೆ” ಎಂಬುದು ಮೊದಲನೆಯದು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ದೊರೆತು ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಎಂದಾದಾಗ ಹೋಟೆಲಿನ ಬೆಂಚುಗಳಲ್ಲಿ ಕೇಳಿಬಂದದ್ದು ಇದೇ ಮಾತು. ಸರ್ಕಾರ ಇಂಥ ಯೋಜನೆ ಮಾಡಬೇಕೋ ಬಾರದೋ, ಬೊಕ್ಕಸಕ್ಕೆ ತಾಳುತ್ತದೋ ಇಲ್ಲವೋ ಎಂಬ ಚರ್ಚೆ ನನ್ನದಲ್ಲ, ಅದನ್ನು ಬಲ್ಲವರು ಮಾಡಲಿ. ನನಗೆ ವಿಚಿತ್ರವಾಗಿ ಕಂಡದ್ದು ಇಷ್ಟು. ಆ ಬೆಂಚಿನಲ್ಲಿ ಕೂತವರು ಆ ಹೊತ್ತಿಗೆ ಎರಡನೆಯ ಕಾಫಿ ಕುಡಿಯುತ್ತಿದ್ದರು. ಆ ಕಾಫಿಯ ಲೆಕ್ಕ ಯಾರೂ ಕೇಳಲಿಲ್ಲ. 2,000 ರೂಪಾಯಿಗೆ ಊರೆಲ್ಲ ಲೆಕ್ಕ ಕೇಳಿತು. ಅವಳು ಅದರಲ್ಲಿ ಒಂದು ಸೀರೆ ಕೊಂಡಳು ಎಂದೇ ಇಟ್ಟುಕೊಳ್ಳಿ. ತನ್ನ ಸೀರೆಗೆ ತಾನೇ ದುಡ್ಡು ಕೊಟ್ಟ ಹೆಂಗಸನ್ನು ಕಂಡು ಊರಿಗೆ ಇಷ್ಟು ಗಾಬರಿ ಯಾಕೆ?

ಎರಡನೆಯದು, “ಮದುವೆ ಮುಂಜಿಯ ಆಡಂಬರಕ್ಕೆ ಹೆಂಗಸರೇ ಕಾರಣ” ಎಂಬ ಮಾತು. ಇದರಲ್ಲಿ ಅರ್ಧ ಸತ್ಯವಿದೆ, ಒಪ್ಪುತ್ತೇನೆ. ಪಕ್ಕದ ಮನೆಯವರು ಅಷ್ಟು ಹಾಕಿದರು, ನಾವು ಇಷ್ಟಾದರೂ ಹಾಕದಿದ್ದರೆ ಮರ್ಯಾದೆಯೇ ಎಂದು ಹಟ ಹಿಡಿಯುವ ತಾಯಂದಿರನ್ನು ನಾನೂ ನೋಡಿದ್ದೇನೆ. ಆದರೆ ಕಂತು ಎಷ್ಟು, ಬಡ್ಡಿ ಎಷ್ಟು, ಯಾವ ಗದ್ದೆ ಅಡವಿಗೆ ಹೋಗುತ್ತದೆ ಎಂಬುದು ತಿಳಿಯದವಳಿಗೆ ಬಂಗಾರದ ತೂಕ ಮಾತ್ರ ಕಾಣುತ್ತದೆ. ಲೆಕ್ಕ ತೋರಿಸಿ ಹಟ ಮಾಡಿದರೆ ಬೈಯಿರಿ. ಲೆಕ್ಕ ಮುಚ್ಚಿಟ್ಟು ಆಕೆಗೆ ಹಟಮಾರಿ ಎನ್ನುವುದು ಯಾವ ನ್ಯಾಯ?

ಮೂರನೆಯದು ಗಂಡಸರು ಬಾಯಿಬಿಟ್ಟು ಹೇಳದ ಮಾತು. ಸಾಲದ ಭಾರವನ್ನು ಒಬ್ಬನೇ ಹೊತ್ತು, ರಾತ್ರಿ ನಿದ್ದೆಗೆಟ್ಟು, ಹೆಂಡತಿ ಮಕ್ಕಳ ಮುಂದೆ ನಗುತ್ತ ಓಡಾಡುವ ಎಷ್ಟೋ ಯಜಮಾನರಿದ್ದಾರೆ. ಅವರ ಬಗ್ಗೆ ನನಗೆ ಮರುಕವಿದೆ. ಅವರಿಗೂ ಈ ಪದ್ಧತಿಯಿಂದ ಸುಖವಿಲ್ಲ. ಇಬ್ಬರು ಹೊರಬೇಕಾದ್ದನ್ನು ಒಬ್ಬರೇ ಹೊತ್ತರೆ ಸೊಂಟ ಮುರಿಯದೆ ಇರುತ್ತದೆಯೇ? ಯಜಮಾನಿಕೆ ಎಂಬ ಮಾತಿಗೆ ಮುಚ್ಚಿಡುವುದು ಎಂಬ ಅರ್ಥ ಅಂಟಿಕೊಂಡಿರುವುದೇ ರೋಗದ ಮೂಲ.

ಹಾಗಾದರೆ ಮಾಡಬೇಕಾದ್ದೇನು? ದೊಡ್ಡ ಕ್ರಾಂತಿಯೇನೂ ಬೇಡ. ತಿಂಗಳಿಗೆ ಒಂದು ದಿನ, ಸಂಬಳ ಬಂದ ವಾರದಲ್ಲೋ ಅಡಿಕೆ ಹಣ ಬಂದ ವಾರದಲ್ಲೋ, ರಾತ್ರಿ ಊಟವಾದ ಮೇಲೆ ಗಂಡ ಹೆಂಡತಿ ಒಂದು ತಾಸು ಕೂತು ಮನೆಯ ಇಡೀ ಲೆಕ್ಕ ಬರೆಯಬೇಕು. ಹೈಸ್ಕೂಲಿನ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಸಾಲ, ಚೀಟಿ, ಜಾಮೀನು, ಅಡವು, ವಿಮೆ ಎಲ್ಲ ಆ ಪುಸ್ತಕದಲ್ಲಿ ಇರಬೇಕು. ಅಮ್ಮನ ಒಗ್ಗರಣೆಯ ಎಣ್ಣೆ ಬರೆದ ಪುಟದ ಎದುರು ಪುಟದಲ್ಲಿ ಅಪ್ಪನ ಪೆಟ್ರೋಲು, ಎಲೆ ಅಡಿಕೆ, ಹೋಟೆಲು ಇರಲಿ. ಇಬ್ಬರೂ ಕೂತು ಮಾತಾಡದೆ ಸಾಲದ ಕಾಗದಕ್ಕಾಗಲಿ ಜಾಮೀನಿಗಾಗಲಿ ಇಬ್ಬರಲ್ಲಿ ಯಾರೂ ಸಹಿ ಹಾಕಬಾರದು. ಹೆಂಗಸರೂ ಸ್ವಸಹಾಯ ಗುಂಪಿನಲ್ಲಿ ಸಾಲ ತೆಗೆಯುವಾಗ ಇದನ್ನು ಪಾಲಿಸಬೇಕು, ನಿಯಮ ಒಬ್ಬರಿಗೇ ಅಲ್ಲ.

ಇನ್ನು ಹೆಸರಿನ ವಿಷಯ. ಪ್ರತಿ ಹೆಂಗಸಿಗೂ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ತನ್ನದೇ ಒಂದು ಖಾತೆ ಇರಬೇಕು, ಅದರ ಕಾರ್ಡು ಆಕೆಯ ಬಳಿ, ಗುಟ್ಟಿನ ಸಂಖ್ಯೆ ಆಕೆಯ ತಲೆಯಲ್ಲಿ, ಸಂದೇಶ ಆಕೆಯ ಫೋನಿಗೆ. ಗಂಡ ಹೊಸದಾಗಿ ಜೀವವಿಮೆ ಮಾಡಿಸುವಾಗ 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯಡಿ ಹೆಂಡತಿ ಮಕ್ಕಳಿಗೆಂದು ಮಾಡಿಸುವ ಅವಕಾಶವಿದೆ. ಪಾಲಿಸಿ ತೆಗೆಯುವಾಗಲೇ ಅದಕ್ಕೆ ಪ್ರತ್ಯೇಕ ನಮೂನೆಯೊಂದನ್ನು ತುಂಬಿಕೊಟ್ಟರೆ, ಮುಂದೆ ಗಂಡನ ಸಾಲಗಾರರು ಆ ಹಣವನ್ನು ಮುಟ್ಟುವ ಹಾಗಿಲ್ಲ. ನೂರೈವತ್ತು ವರ್ಷ ಹಳೆಯ ಈ ಕಾಯ್ದೆಯ ಸುದ್ದಿಯನ್ನು ನಮ್ಮ ಉಪನ್ಯಾಸಕರು ಒಬ್ಬರಾದರೂ ಹೇಳಿದ್ದುಂಟೆ? ಕಾಳು ನೆನೆಹಾಕುವುದನ್ನು ಮಾತ್ರ ಪ್ರತಿ ವರ್ಷ ಹೇಳಿದರು. ತವರಿನ ಬಂಗಾರದ ವಿಷಯವೂ ಅಷ್ಟೇ. ಸ್ತ್ರೀಧನ ಹೆಂಡತಿಯದೇ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. 2024ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ, ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಿಕೊಂಡರೂ ಹಿಂದಿರುಗಿಸುವ ನೈತಿಕ ಹೊಣೆ ಅವನಿಗಿದೆ ಎಂದು ಹೇಳಿತು. ಸಂಸಾರದ ಕಷ್ಟಕ್ಕೆ ಬಳೆ ಬಿಚ್ಚಿಕೊಡಬೇಡಿ ಎಂದು ನಾನು ಹೇಳಲಾರೆ, ನಾವು ಕೊಡುವವರೇ. ಕೊಟ್ಟದ್ದನ್ನು ಪುಸ್ತಕದಲ್ಲಿ ಸಾಲ ಎಂದೇ ಬರೆಯಿರಿ. ದಾನ ಎಂದು ಬರೆಯಬೇಡಿ.

ಉಳಿತಾಯದ ಉಪನ್ಯಾಸ ಏರ್ಪಡಿಸುವ ಸಂಘಟಕರಲ್ಲೂ ಒಂದು ಕೋರಿಕೆ. ಹೆಂಗಸರನ್ನು ಕರೆಯಿರಿ, ಜೊತೆಗೆ ಅವರ ಯಜಮಾನರನ್ನೂ ಕರೆಯಿರಿ. ಭಾನುವಾರ ಇಟ್ಟುಕೊಳ್ಳಿ. ಗಂಡಸರು ಬರುವುದಿಲ್ಲ ಎಂದಾದರೆ ಉಳಿತಾಯದ ಅಗತ್ಯ ಯಾರಿಗಿದೆ ಎಂಬುದು ಅಲ್ಲೇ ತಿಳಿಯುತ್ತದೆ.

ನನಗೆ ನಿವೃತ್ತಿಗೆ ಇನ್ನು ಕೆಲವೇ ವರ್ಷ ಉಳಿದಿದೆ. ಒಬ್ಬ ಮನುಷ್ಯನ ಆದಾಯ ಇಷ್ಟು, ಖರ್ಚು ಇಷ್ಟು, ಉಳಿತಾಯ ಎಷ್ಟು ಎಂಬ ಲೆಕ್ಕವನ್ನು ಸಾವಿರ ಸಲವಾದರೂ ಹಲಗೆಯ ಮೇಲೆ ಬಿಡಿಸಿರಬೇಕು. ಈಚೆಗೆ ಆ ಲೆಕ್ಕಕ್ಕೆ ಎರಡು ಪ್ರಶ್ನೆ ಸೇರಿಸಿ ಕೇಳುತ್ತಿದ್ದೇನೆ. ಈ ಮನುಷ್ಯನ ಖರ್ಚು ಎಷ್ಟೆಂದು ಮನೆಯಲ್ಲಿ ಯಾರು ಯಾರಿಗೆ ಗೊತ್ತು? ಉಳಿದ ಹಣ ಯಾರ ಹೆಸರಿನಲ್ಲಿದೆ? ಪರೀಕ್ಷೆಗೆ ಇವು ಬರುವುದಿಲ್ಲ ಎಂದು ಮಕ್ಕಳು ನಗುತ್ತಾರೆ. ಆದರೂ ಕೆಲವು ಹುಡುಗಿಯರು ನೋಟುಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಳ್ಳುತ್ತಾರೆ. ಒಂದಿಬ್ಬರು ಹುಡುಗರೂ ಬರೆದುಕೊಳ್ಳುವುದನ್ನು ಕಂಡಿದ್ದೇನೆ.